ಆರತಕ್ಷತೆಯ ಸಾಲಿನಲ್ಲಿ ನಿಂತವರ ಅಂಗೈಗೆ ಯಾವ ಜಾದೂ?

ಅಕ್ಕನ ಮಗಳ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಅವಳು ನನ್ನನ್ನು ಒಪ್ಪಿಸಿಬಿಟ್ಟಿದ್ದಳು. “ಮಾವ, ಬೆಳಿಗ್ಗೆ ಮುಹೂರ್ತಕ್ಕೆ ನನ್ನನ್ನು ಮಂಟಪಕ್ಕೆ ಕರೆತರುವುದು ಹೇಗೂ ನಿಮ್ಮ ಕೆಲಸ. ಹಿಂದಿನ ಸಂಜೆ ಆರತಕ್ಷತೆಯಲ್ಲಿ ಜಾದೂ ಮಾಡುವುದೂ ನಿಮ್ಮದೇ” ಎಂದಳು. ಇಪ್ಪತ್ತು ವರ್ಷಗಳಿಂದ ನಾನು ನೌಕರಿಯ ಹೊತ್ತು ಮುಗಿದ ಮೇಲೆ ನಾಣ್ಯ, ಇಸ್ಪೀಟು ಎಲೆಗಳನ್ನು ಹಿಡಿದು ಅಭ್ಯಾಸ ಮಾಡುತ್ತ ಬಂದವನು. ಪೆಟ್ಟಿಗೆಯಲ್ಲಿ ಹುಡುಗಿಯನ್ನು ಮಾಯ ಮಾಡುವ ರಂಗದ ಜಾದೂ ನನಗೆ ಬಾರದು. ನೋಡುವವರ ಮೊಣಕೈ ತಾಗುವಷ್ಟು ಹತ್ತಿರ ನಿಂತು ಮಾಡುವ ಕೈಚಳಕವಷ್ಟೇ ನನ್ನದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಚೆನ್ನಾಗಿ ಕೈಗೂಡಿರುವ ನಲವತ್ತರಷ್ಟು ಚಳಕಗಳ ಹೆಸರುಗಳಿದ್ದವು. ಮೂರು ತಿಂಗಳು ತೂಗಿ ನೋಡಿದ ಮೇಲೆ ಉಳಿದದ್ದು ನಾಲ್ಕು. ಉಳಿದ ಮೂವತ್ತಾರನ್ನು ಯಾಕೆ ಬಿಟ್ಟೆ ಎಂಬುದನ್ನು ಬರೆದಿಟ್ಟರೆ, ಮದುವೆ ಮನೆಯಲ್ಲಿ ಜಾದೂ ಮಾಡಲು ಹೊರಟಿರುವ ಇನ್ನೊಬ್ಬರಿಗೆ ನೆರವಾದೀತೆಂದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸವೆಂದರೆ ಮೈಸೂರಿನ ಆ ಕಲ್ಯಾಣ ಮಂಟಪಕ್ಕೆ, ಬೇರೆ ಯಾರದೋ ಆರತಕ್ಷತೆ ನಡೆಯುತ್ತಿದ್ದ ಸಂಜೆ, ಮಂಟಪದವರ ಅನುಮತಿ ಪಡೆದು ಹೋಗಿ ಒಂದು ಮೂಲೆಯಲ್ಲಿ ಎರಡು ಗಂಟೆ ಕುಳಿತದ್ದು. ಹತ್ತಿರದ ಜಾದೂವನ್ನು ಕುರಿತು ನಾವು ಓದುವ ಪುಸ್ತಕಗಳೆಲ್ಲ ಬಹುಮಟ್ಟಿಗೆ ಅಮೆರಿಕದಿಂದ, ಇಂಗ್ಲೆಂಡಿನಿಂದ ಬಂದವು. ಅಲ್ಲಿನ ಮದುವೆಯ ಔತಣದಲ್ಲಿ ಅತಿಥಿಗಳು ದುಂಡು ಮೇಜುಗಳ ಸುತ್ತ ಕುಳಿತಿರುತ್ತಾರೆ, ಒಂದು ಬಡಿಸುವಿಕೆಗೂ ಇನ್ನೊಂದಕ್ಕೂ ನಡುವೆ ಸಾಕಷ್ಟು ಬಿಡುವಿರುತ್ತದೆ, ಆ ಬಿಡುವಿನಲ್ಲಿ ಜಾದೂಗಾರನು ಮೇಜಿನಿಂದ ಮೇಜಿಗೆ ಹೋಗುತ್ತಾನೆ. ಅದನ್ನೇ ನಂಬಿ ಹಿಂದೊಮ್ಮೆ ಊಟದ ಮನೆಗೆ ಇಸ್ಪೀಟು ಎಲೆಗಳ ಕಟ್ಟನ್ನು ಹಿಡಿದು ಹೋಗಿದ್ದೆ. ನಮ್ಮ ಪಂಕ್ತಿಯಲ್ಲಿ ಬಾಳೆಲೆಯ ಮುಂದೆ ಕುಳಿತವರ ಬಲಗೈ ಎಂಜಲಾಗಿರುತ್ತದೆ. ಅವರು ಇಸ್ಪೀಟು ಎಲೆಯನ್ನು ಆರಿಸಲಾರರು, ನಾಣ್ಯವನ್ನು ಹಿಡಿಯಲಾರರು. ಕೋಸಂಬರಿ ಬಂದ ಹಿಂದೆಯೇ ಪಲ್ಯ, ಪಲ್ಯದ ಹಿಂದೆಯೇ ಸಾರಿನ ಬಕೆಟ್ಟು ಬರುತ್ತದೆ. ಬಡಿಸುವವರ ದಾರಿಗೆ ಅಡ್ಡ ನಿಂತವನನ್ನು ಯಾರೂ ಮೆಚ್ಚುವುದಿಲ್ಲ, ಮೆಚ್ಚಬೇಕಾಗಿಯೂ ಇಲ್ಲ. ಊಟ ಮಾಡುತ್ತಿರುವವರ ಎದುರು ಜಾದೂ ಬೇಡವೆಂದು ಅಂದೇ ತೀರ್ಮಾನಿಸಿದ್ದೆ.

ಹಾಗಾದರೆ ಎಲ್ಲಿ? ಆ ಸಂಜೆ ಮೂಲೆಯಲ್ಲಿ ಕುಳಿತು ನೋಡುತ್ತಿದ್ದಾಗ ಉತ್ತರ ಕಣ್ಣೆದುರಿಗೇ ಇತ್ತು. ವೇದಿಕೆಯ ಮೇಲೆ ವಧೂವರರು ನಿಂತಿರುತ್ತಾರೆ. ಅವರಿಗೆ ಮುಯ್ಯಿ ಕೊಟ್ಟು, ಅಕ್ಕಪಕ್ಕ ನಿಂತು ಫೋಟೋ ತೆಗೆಸಿಕೊಂಡು ಇಳಿಯಲು ಬಂದ ನೂರಾರು ಜನ ಒಂದು ಸಾಲಿನಲ್ಲಿ ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆಯವರೆಗೆ ಕಾಯುತ್ತಾರೆ. ಕೈಯಲ್ಲಿ ಒಂದು ಲಕೋಟೆ ಬಿಟ್ಟರೆ ಬೇರೇನೂ ಇಲ್ಲ, ಮಾಡಲು ಕೆಲಸವೂ ಇಲ್ಲ, ಸಾಲು ಬಿಟ್ಟು ಹೋಗುವಂತೆಯೂ ಇಲ್ಲ. ಹತ್ತಿರದ ಜಾದೂಗೆ ನಮ್ಮ ಆರತಕ್ಷತೆ ಕೊಡುವ ಅತ್ಯುತ್ತಮ ಜಾಗ ಈ ಸಾಲೇ ಎಂದು ನನಗೆ ಖಚಿತವಾಯಿತು. ಆರು ಜನರ ಒಂದೊಂದು ಗುಂಪಿಗೆ ಐದು ನಿಮಿಷವೆಂದುಕೊಂಡರೆ ಎರಡು ಗಂಟೆಯಲ್ಲಿ ಇಪ್ಪತ್ತನಾಲ್ಕು ಗುಂಪು, ಅಂದರೆ 144 ಜನ. ಏಳುನೂರು ಜನ ಬರುವ ಸಮಾರಂಭದಲ್ಲಿ ಎಲ್ಲರನ್ನೂ ತಲುಪುವ ಆಸೆಯನ್ನು ಬಿಡಲೇಬೇಕು. ಹಾಗೆ ಬಿಟ್ಟ ಮೇಲೆ ಆ 144 ಜನರಿಗಾದರೂ ಅವಸರವಿಲ್ಲದೆ ತೋರಿಸಬಹುದೆಂಬ ಸಮಾಧಾನ ದೊರೆಯಿತು.

ಜಾಗ ನಿಶ್ಚಯವಾದೊಡನೆ ಅರ್ಧ ಪಟ್ಟಿ ತಾನಾಗಿ ಕರಗಿತು. ಸಾಲಿನಲ್ಲಿ ಮೇಜಿಲ್ಲವಾದ್ದರಿಂದ ಮೇಜು ಬೇಕಾದುದೆಲ್ಲ ಹೋಯಿತು. ಆರ್ಕೆಸ್ಟ್ರಾದ ಸ್ಪೀಕರುಗಳ ಮುಂದೆ ಮಾತು ಕೇಳಿಸದಾದ್ದರಿಂದ ಕಥೆ ಹೇಳಿ ಕಟ್ಟಬೇಕಾದುದೆಲ್ಲ ಹೋಯಿತು. ಕಣ್ಣಿಗೆ ಮಾತ್ರ ಅರ್ಥವಾಗುವಂಥದು ಉಳಿಯಿತು. ಮಕ್ಕಳು ಬೆನ್ನ ಹಿಂದೆ, ತೋಳಿನ ಕೆಳಗೆ ನುಸುಳಿ ಬರುವುದರಿಂದ ಎದುರಿನಿಂದ ಮಾತ್ರ ನೋಡಬಹುದಾದುದೆಲ್ಲ ಹೋಯಿತು. ಇನ್ನೊಂದು ತೊಡಕು ಹತ್ತು ವರ್ಷಗಳ ಹಿಂದೆ ಇಷ್ಟಿರಲಿಲ್ಲ: ಈಗ ತಲೆಯ ಮೇಲೆ ಕ್ರೇನ್ ಕ್ಯಾಮೆರಾ ಓಡಾಡುತ್ತಿರುತ್ತದೆ, ಅದು ಕಂಡದ್ದೆಲ್ಲ ಆ ಕ್ಷಣವೇ ವೇದಿಕೆಯ ಪಕ್ಕದ ಎಲ್‌ಇಡಿ ಪರದೆಯ ಮೇಲೆ ಮೂಡುತ್ತದೆ. ಎದುರಿಗಿರುವ ಆರು ಜನರಿಂದ ಮರೆಯಾದದ್ದು ಮೇಲಿನಿಂದ ಕಂಡರೆ ಇಡೀ ಸಭಾಂಗಣಕ್ಕೆ ಗುಟ್ಟು ತಿಳಿಯುತ್ತದೆ. ಅದಕ್ಕಾಗಿ ಮನೆಯಲ್ಲಿ ಅಭ್ಯಾಸ ಮಾಡುವಾಗ ಅಟ್ಟದ ಏಣಿಯ ಮೇಲೆ ಮಗನನ್ನು ಕೂರಿಸಿ, ಅವನ ಮೊಬೈಲಿನಲ್ಲಿ ಮೇಲಿನಿಂದ ಚಿತ್ರೀಕರಿಸಿ, ಪ್ರತಿಯೊಂದನ್ನೂ ಪರೀಕ್ಷಿಸಿದೆ.

ಸಾಲಿಗೆ ಇನ್ನೊಂದು ಗುಣವಿದೆ. ಒಂದು ಗುಂಪಿಗೆ ಮಾಡಿದ್ದನ್ನು ಹಿಂದಿನ ಗುಂಪಿನವರು ಕತ್ತು ಚಾಚಿ ನೋಡಿರುತ್ತಾರೆ. ಅವರ ಬಳಿ ಹೋಗಿ ಅದನ್ನೇ ಮಾಡಿದರೆ ಬೆರಗು ಹುಟ್ಟುವುದಿಲ್ಲ. ಆದ್ದರಿಂದ ಒಂದೇ ಚಳಕ ಎಷ್ಟೇ ಚೆನ್ನಾಗಿದ್ದರೂ ಸಾಲದು. ನಾಣ್ಯ, ಎಲೆ, ಸ್ಪಂಜು ಎಂದು ವಸ್ತುವೇ ಬದಲಾಗುವ ಮೂರು ಚಳಕಗಳನ್ನು ಸರದಿಯಂತೆ ಬಳಸಬೇಕು. ಪ್ರತಿಯೊಂದೂ ಮುಗಿದ ಕ್ಷಣದಲ್ಲೇ ಮತ್ತೆ ಶುರುವಿಗೆ ಸಿದ್ಧವಾಗಿರಬೇಕು. ಹೀಗೆ ಮೂರು ಸಾಲಿಗೆ, ಒಂದು ವಧೂವರರಿಗೆ, ಒಟ್ಟು ನಾಲ್ಕು ಎಂಬ ಲೆಕ್ಕ ಬಂತು.

ಇಷ್ಟು ಅನುಕೂಲದ ಮಾತಾಯಿತು. ಆದರೆ ಪಟ್ಟಿಯ ಉಳಿದರ್ಧವನ್ನು ಅಳಿಸಿದ್ದು ಅನುಕೂಲವಲ್ಲ. ಒಬ್ಬ ಅಜ್ಜಿ ನನಗೆ ಹೇಳಿದ ಒಂದು ಮಾತು.

ಪಶ್ಚಿಮದ ಜಾದೂಗಾರರು ‘ಹಿಂದೂ ದಾರ’ ಎಂದು ಕರೆಯುವ ಒಂದು ಚಳಕವಿದೆ. ಒಂದು ಮೊಳದ ನೂಲನ್ನು ತುಂಡು ತುಂಡಾಗಿ ಹರಿದು, ತುಂಡುಗಳನ್ನು ಸಣ್ಣ ಉಂಡೆಯಾಗಿ ಹೊಸೆದು, ಎರಡು ತುದಿ ಹಿಡಿದು ನಿಧಾನವಾಗಿ ಎಳೆದರೆ ನೂಲು ಇಡಿಯಾಗಿ ಬಿಚ್ಚಿಕೊಳ್ಳುತ್ತದೆ. ಶಿಕಾಗೋದ ಜಾದೂಗಾರ ಯೂಜೀನ್ ಬರ್ಗರ್ (1939–2017) ಇದನ್ನು ಸೃಷ್ಟಿ, ಸ್ಥಿತಿ, ಲಯಗಳ ಕಥೆಯೊಂದಿಗೆ ಬೆಸೆದು ಗಂಭೀರವಾಗಿ ಪ್ರದರ್ಶಿಸುತ್ತಿದ್ದರು. ಅವರ ಪ್ರದರ್ಶನವನ್ನು ನೋಡಿಯೇ ನಾನು ಅದನ್ನು ಕಲಿತದ್ದು. ಕಿಸೆಯಲ್ಲಿ ಒಂದು ನೂಲಿನುಂಡೆ ಇದ್ದರೆ ಸಾಕು, ಎಲ್ಲಿ ಬೇಕಾದರೂ ಮಾಡಬಹುದು, ನೋಡಲು ಅಪೂರ್ವ ಸುಂದರ. ಎಂಟೊಂಬತ್ತು ವರ್ಷಗಳ ಹಿಂದೆ ಸ್ನೇಹಿತನೊಬ್ಬನ ತಮ್ಮನ ಆರತಕ್ಷತೆಯಲ್ಲಿ, ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತಿದ್ದ ಹಿರಿಯರ ಎದುರು ನಾನು ಅದನ್ನು ಆರಂಭಿಸಿದೆ. ಮೂರನೆಯ ತುಂಡನ್ನು ಹರಿಯುವಷ್ಟರಲ್ಲಿ ಒಬ್ಬ ಅಜ್ಜಿ ನನ್ನ ಮುಂಗೈಯನ್ನು ಹಿಡಿದುಕೊಂಡರು. “ಬೇಡಪ್ಪ, ನಾಳೆ ಹಸೆಮಣೆ ಏರೋ ಹುಡುಗಿ ಅಲ್ಲಿ ನಿಂತಿದಾಳೆ. ಈ ಹೊತ್ತಲ್ಲಿ ದಾರ ಹರೀಬಾರದು” ಎಂದರು. ನಾನು ವಿನಯದಿಂದಲೇ, “ಅಜ್ಜಿ, ಕೊನೆಗೆ ಕೂಡಿಕೊಳ್ಳುತ್ತದೆ, ನೋಡಿ” ಎಂದೆ. ಅದಕ್ಕೆ ಅವರು, “ಕೂಡುತ್ತೆ ಅಂತ ನಿನಗೆ ಗೊತ್ತು. ನನಗೆ ಗೊತ್ತಿಲ್ಲವಲ್ಲ” ಎಂದರು.

ಹಳೆ ಮೈಸೂರಿನ ಕಡೆ ಆರತಕ್ಷತೆ ಬಹಳ ಮನೆಗಳಲ್ಲಿ ಮುಹೂರ್ತದ ಹಿಂದಿನ ಸಂಜೆಯೇ ನಡೆಯುತ್ತದೆ. ಮಾಂಗಲ್ಯ ಇನ್ನೂ ಕಟ್ಟಿರುವುದಿಲ್ಲ. ಅರಿಸಿನದ ದಾರವೊಂದು ಮಾರನೆಯ ಬೆಳಿಗ್ಗೆಗಾಗಿ ಒಂದು ತಟ್ಟೆಯಲ್ಲಿ ಕಾಯುತ್ತಿರುತ್ತದೆ. ಆ ಹೊತ್ತಿನಲ್ಲಿ ದಾರ ಹರಿಯುವುದನ್ನು ನೋಡುವ ಹಿರಿಯ ಜೀವಕ್ಕೆ ಏನಾಗುತ್ತದೆಂಬುದನ್ನು ನಾನು ಯೋಚಿಸಿರಲಿಲ್ಲ. ಜಾದೂಗಾರನು ತನ್ನ ಚಳಕವನ್ನು ಯಾವಾಗಲೂ ಕೊನೆಯಿಂದ ನೋಡುತ್ತಾನೆ. ಸುಖಾಂತ್ಯ ಅವನಿಗೆ ಮೊದಲೇ ತಿಳಿದಿದೆ. ನೋಡುವವರಿಗಾದರೋ ನಡುವಿನ ಒಂದು ನಿಮಿಷ ನಿಜವಾಗಿಯೂ ನಡೆಯುತ್ತದೆ. ದಾರ ನಿಜವಾಗಿಯೂ ಹರಿದಿರುತ್ತದೆ, ಉಂಗುರ ನಿಜವಾಗಿಯೂ ಕಳೆದಿರುತ್ತದೆ, ನೋಟು ನಿಜವಾಗಿಯೂ ಉರಿದಿರುತ್ತದೆ. ಬೇರೆ ಕಡೆ ಆ ನಿಮಿಷದ ಆತಂಕವೇ ರುಚಿ. ಮದುವೆ ಮನೆಯಲ್ಲಿ ಅದು ಬೇಡ. ಅಂದಿನಿಂದ, ಪ್ರತಿಯೊಂದು ಚಳಕವನ್ನೂ ಕೊನೆ ತಿಳಿಯದವರ ಕಣ್ಣಿನಿಂದ ನೋಡಿ, ನಡುವಿನ ನಿಮಿಷದಲ್ಲಿ ಅವರಿಗೆ ಏನಾಗುತ್ತದೆಂದು ನನ್ನನ್ನೇ ಕೇಳಿಕೊಳ್ಳುವುದು ರೂಢಿಯಾಯಿತು. ಹರಿಯುವುದು, ಉರಿಯುವುದು, ಆರುವುದು, ಕಳೆಯುವುದು ಇದ್ದರೆ ಅದು ಬೇರೆ ದಿನಕ್ಕೆ. ಬರುವುದು, ಸೇರುವುದು, ಹೆಚ್ಚುವುದು ಇದ್ದರೆ ಪಟ್ಟಿಯಲ್ಲಿ ಉಳಿಯುತ್ತದೆ.

ಈ ಅಳತೆಗೆ ಮೊದಲು ಬಿದ್ದದ್ದು ಉಂಗುರದ ಚಳಕಗಳು. ಅತಿಥಿಯ ಬೆರಳಿನ ಉಂಗುರವನ್ನು ಪಡೆದು, ಮಾಯ ಮಾಡಿ, ನನ್ನ ಬೀಗದ ಕೈಗೊಂಚಲಿನಲ್ಲಿ ತೋರಿಸುವ ಚಳಕವನ್ನು ನಾನು ಕಚೇರಿಯ ಗೆಳೆಯರ ನಡುವೆ ಎಷ್ಟೋ ಬಾರಿ ಮಾಡಿದ್ದೇನೆ. ಆದರೆ ಮದುವೆಗೆ ಬಂದವರ ಮೈಮೇಲಿರುವುದು ಮನೆಯ ಕಪಾಟಿನಿಂದ ವರ್ಷಕ್ಕೊಮ್ಮೆ ಹೊರಬರುವ ಚಿನ್ನ. ಕಿಕ್ಕಿರಿದ ಸಾಲಿನಲ್ಲಿ ಅದು ಅರೆಕ್ಷಣ ಕಾಣದಾದರೂ ಆ ಹೆಣ್ಣುಮಗಳ ಜೀವ ಬಾಯಿಗೆ ಬರುತ್ತದೆ. ಅದೂ ಅಲ್ಲದೆ ಕೈಜಾರಿ ಬಿದ್ದರೆ ಹುಡುಕುವುದೆಲ್ಲಿ? ಉಂಗುರದ ಆಟಕ್ಕೆ ಮಾರನೆಯ ದಿನ ಬೇರೆ ಜಾಗವಿದೆ: ಬಣ್ಣದ ನೀರು ತುಂಬಿದ ಬಿಂದಿಗೆಯಲ್ಲಿ ವಧೂವರರು ಕೈಹಾಕಿ ಉಂಗುರ ಹುಡುಕುವಾಗ ಇಡೀ ಮನೆ ನಗುತ್ತದೆ. ಅಲ್ಲಿ ಉಂಗುರ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು.

ಭಾವನವರು ಒಂದು ಸಲಹೆ ಕೊಟ್ಟರು: ಬರಿಗೈ ತೋರಿಸಿ, ಮುಷ್ಟಿ ಮಡಚಿ, ವಧೂವರರ ತಲೆಯ ಮೇಲೆ ಅಕ್ಷತೆ ಸುರಿಸಿದರೆ ಎಷ್ಟು ಚೆನ್ನ ಎಂದು. ಚಳಕ ಕಷ್ಟದ್ದೇನಲ್ಲ, ಆದರೂ ನಾನು ಒಪ್ಪಲಿಲ್ಲ. ದಾರವಾದರೆ ಒಂದು ನಿಮಿಷದ ಮೇಲೆ ಕೂಡಿಕೊಳ್ಳುತ್ತದೆ. ಬರಿಗೈಯಿಂದ ಅಕ್ಷತೆ ಬಂದದ್ದನ್ನು ನೋಡಿ ನಿಜವೆಂದು ನಂಬಿದವರ ನಂಬಿಕೆ ಮಾತ್ರ ಎಂದೂ ಬಿಡಿಸಿಕೊಳ್ಳುವುದಿಲ್ಲ. ಒಮ್ಮೆ ವಿಭೂತಿಯ ಚಳಕವನ್ನು ವಿವರಣೆಗಾಗಿ ತೋರಿಸಿದಾಗ ಹಿರಿಯರೊಬ್ಬರು ನನ್ನ ಕಾಲಿಗೆ ಬಾಗಲು ಬಂದದ್ದನ್ನು ನಾನು ಮರೆತಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ ನಾಡಿನಲ್ಲಿ, ಕೈಚಳಕ ಕಲಿತವನು ಪೂಜೆಯ ವಸ್ತುಗಳನ್ನು ಚಳಕಕ್ಕೆ ಬಳಸದಿರುವುದು ಕಲೆಗೂ ಪೂಜೆಗೂ ಎರಡಕ್ಕೂ ಗೌರವವೆಂದು ನಾನು ತಿಳಿದಿದ್ದೇನೆ.

ನೋಟಿನ ಚಳಕದ ಮೇಲೆ ನನಗೆ ಬಹಳ ಆಸೆಯಿತ್ತು. ಮಡಚಿದ ನೋಟು ಬಿಚ್ಚುವಷ್ಟರಲ್ಲಿ ಬೇರೆ ಬೆಲೆಯ ನೋಟಾಗುವುದು ಸದ್ದುಗದ್ದಲದ ನಡುವೆಯೂ ದೂರಕ್ಕೆ ಅರ್ಥವಾಗುತ್ತದೆ. ಅಮೆರಿಕದ ನೋಟುಗಳೆಲ್ಲ ಒಂದೇ ಗಾತ್ರದವಾದ್ದರಿಂದ ಅಲ್ಲಿನ ಪುಸ್ತಕಗಳು ಇದನ್ನು ಸುಲಭವಾಗಿ ಹೇಳಿಕೊಡುತ್ತವೆ. ನಮ್ಮಲ್ಲಿ ಬೆಲೆಯೊಡನೆ ಗಾತ್ರವೂ ಬದಲಾಗುತ್ತದೆ: ಈಗಿನ ಹತ್ತರ ನೋಟು 123 ಮಿ.ಮೀ. ಉದ್ದ, 63 ಮಿ.ಮೀ. ಅಗಲ, ಐನೂರರ ನೋಟು 150 ಮಿ.ಮೀ. ಉದ್ದ, 66 ಮಿ.ಮೀ. ಅಗಲ. ಈ ವ್ಯತ್ಯಾಸ ಮಡಿಕೆಯಲ್ಲೇ ಎದ್ದು ಕಾಣುತ್ತದೆ. ನೂರರ ನೋಟಿನ ಅಗಲವೂ 66 ಮಿ.ಮೀ., ಉದ್ದ 142 ಮಿ.ಮೀ. ಆದ್ದರಿಂದ ನೂರು ಐನೂರಾಗುವುದು ಮಾತ್ರ ಅಚ್ಚುಕಟ್ಟಾಗಿ ಒಪ್ಪುತ್ತದೆಂದು ಅಳೆದು, ಮಡಚಿ, ಕಂಡುಕೊಂಡಿದ್ದೆ. ನೋಟಿನ ಮೇಲೆ ಬರೆಯಬಾರದೆಂದು ರಿಸರ್ವ್ ಬ್ಯಾಂಕ್ ಕೇಳಿಕೊಂಡಿರುವುದರಿಂದ ಸಹಿ ಹಾಕಿಸುವ ಮಾತಿಲ್ಲ, ಅದಿಲ್ಲದೆಯೂ ನಡೆಯುತ್ತಿತ್ತು. ಇಷ್ಟೆಲ್ಲ ಸಿದ್ಧವಾದ ಮೇಲೆ ಅಕ್ಕ ಒಂದೇ ಪ್ರಶ್ನೆ ಕೇಳಿದಳು: “ಸಾಲಲ್ಲಿ ನಿಂತವರ ಕೈಲಿ ಮುಯ್ಯಿ ಲಕೋಟೆ ಇರುತ್ತಲ್ಲೋ. ನೀನು ನೂರನ್ನ ಐನೂರು ಮಾಡಿದರೆ, ಒಳಗೆ ನೂರಾಒಂದು ಇಟ್ಟುಕೊಂಡು ಬಂದವರಿಗೆ ಹೇಗನ್ನಿಸಬೇಕು?” ಯಾರು ಎಷ್ಟು ಮುಯ್ಯಿ ಮಾಡುತ್ತಾರೆಂಬುದು ಆ ಲಕೋಟೆಯ ಒಳಗಿನ ವಿಷಯ. ಅದರ ಪಕ್ಕದಲ್ಲಿ ನಿಂತು ನೋಟಿನ ಬೆಲೆಯನ್ನು ಎತ್ತಿ ತೋರಿಸುವುದು ಸಲ್ಲದೆಂದು ನನಗೂ ಮನವರಿಕೆಯಾಯಿತು. ಪಟ್ಟಿಯಿಂದ ತೆಗೆದದ್ದರಲ್ಲಿ ನನಗೆ ಹೆಚ್ಚು ನೋವು ಕೊಟ್ಟದ್ದು ಇದೇ.

ನೋಟು ಹೋದ ಜಾಗಕ್ಕೆ ನಾಣ್ಯ ಬಂತು. ಪಶ್ಚಿಮದವರು ನಾಣ್ಯದ ಚಳಕವನ್ನು ಅಮೆರಿಕದ ಅರ್ಧ ಡಾಲರಿಗೆ ಹೊಂದಿಸಿ ಬರೆದಿದ್ದಾರೆ. ಅದರ ವ್ಯಾಸ 30.6 ಮಿ.ಮೀ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿ.ಮೀ., ಹಿಡಿತಕ್ಕೆ ತುಸು ಚಿಕ್ಕದು. ಮುಯ್ಯಿ ಲಕೋಟೆಗೆ ಅಂಟಿಸಿರುವ ಒಂದು ರೂಪಾಯಿಯಂತೂ ತೀರ ಚಿಕ್ಕದು, ಎರಡು ಮಾರು ದೂರದಿಂದ ಕಾಣುವುದೇ ಇಲ್ಲ. ಅಮ್ಮನ ದೇವರ ಪೆಟ್ಟಿಗೆಯಲ್ಲಿ, ಲಕ್ಷ್ಮೀಪೂಜೆಗೆ ಇಡುವ ಜಾರ್ಜ್ ದೊರೆಯ ತಲೆಯಿರುವ ಬೆಳ್ಳಿ ರೂಪಾಯಿಗಳು ಆರು ಇದ್ದವು. ಅಳೆದರೆ ಸುಮಾರು 30.5 ಮಿ.ಮೀ. ವ್ಯಾಸ, ತೂಕ 11.66 ಗ್ರಾಂ. ಅರ್ಧ ಡಾಲರಿಗೆ ಬರೆದ ಪಾಠವೆಲ್ಲ ಅಜ್ಜನ ಕಾಲದ ರೂಪಾಯಿಗೆ ಹಾಗೆಯೇ ಒಪ್ಪಿತು. ಬೆಳ್ಳಿ ಬೆಳಕಿಗೆ ಹೊಳೆಯುತ್ತದೆ, ಒಂದಕ್ಕೊಂದು ತಾಗಿದರೆ ಬರುವ ನಾದ ಆರ್ಕೆಸ್ಟ್ರಾದ ನಡುವೆಯೂ ಕಿವಿಗೆ ಬೀಳುತ್ತದೆ, ಮತ್ತು ಮದುವೆ ಮನೆಯಲ್ಲಿ ಬೆಳ್ಳಿ ರೂಪಾಯಿ ಪರಕೀಯ ವಸ್ತುವಲ್ಲ. ಪೂಜೆಯ ನಾಣ್ಯವನ್ನೇ ಚಳಕಕ್ಕೆ ಬಳಸಬಾರದೆಂಬ ನನ್ನ ನಿಯಮ ಅಡ್ಡ ಬಂದುದರಿಂದ, ಪೇಟೆಯಲ್ಲಿ ಅಂಥವೇ ನಾಲ್ಕನ್ನು ಹುಡುಕಿ ಕೊಂಡುಕೊಂಡೆ. ಆಯ್ದ ಚಳಕ ಇದು: ಅತಿಥಿಯ ಅಂಗೈಯಲ್ಲಿ ಒಂದು ರೂಪಾಯಿ ಇಟ್ಟು ಮುಷ್ಟಿ ಮುಚ್ಚಿಸಿದರೆ, ಬಿಚ್ಚಿದಾಗ ಎರಡು. ನಡುವಿನ ನಿಮಿಷದಲ್ಲಿ ಏನೂ ಕಳೆಯುವುದಿಲ್ಲ; ಮುಷ್ಟಿ ತುಸು ಭಾರವಾದಂತೆ ಅನ್ನಿಸುತ್ತದೆ, ಅಷ್ಟೇ.

ಇದರಲ್ಲಿ ಒಂದು ಸೂಕ್ಷ್ಮವಿತ್ತು. ನಾಣ್ಯವನ್ನು ಬಲಗೈಯಿಂದ ಎಡಗೈಗೆ ಹಾಕಿದಂತೆ ಮಾಡಿ ಎಡಗೈಯನ್ನು ಮುಂದೆ ಚಾಚುವುದು ಪುಸ್ತಕಗಳಲ್ಲಿನ ಸಾಮಾನ್ಯ ಕ್ರಮ. ನಮ್ಮಲ್ಲಿ ಹಿರಿಯರಿಗೆ, ಅದರಲ್ಲೂ ಶುಭಕಾರ್ಯದಲ್ಲಿ, ಎಡಗೈಯಿಂದ ದುಡ್ಡು ಕೊಡುವುದು ಅವಮಾನ. ಹದಿನೈದು ವರ್ಷ ಒಂದು ಕೈಗೆ ರೂಢಿಯಾದದ್ದನ್ನು ಇನ್ನೊಂದು ಕೈಗೆ ತಿರುಗಿಸಿಕೊಳ್ಳಲು ಐದು ವಾರ ಹಿಡಿಯಿತು. ಆ ಐದು ವಾರ ವ್ಯರ್ಥವಾಗಲಿಲ್ಲ ಎಂದು ಆರತಕ್ಷತೆಯ ದಿನ ತಿಳಿಯಿತು: ಬಲಗೈಯಿಂದ ಕೊಟ್ಟ ನಾಣ್ಯವನ್ನು ಹಿರಿಯರು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು.

ಇಸ್ಪೀಟಿನ ವಿಷಯದಲ್ಲಿ ನಾನು ಅಂಜಿದ್ದೆ. ಜೂಜಿನ ನೆನಪು ತರುವ ಎಲೆಗಳು ಶುಭಕಾರ್ಯಕ್ಕೆ ಸರಿಯೇ ಎಂದು ಅಮ್ಮನನ್ನು ಕೇಳಿದೆ. ಛತ್ರದ ಮಾಳಿಗೆಯಲ್ಲಿ ಗಂಡಸರು ರಾತ್ರಿಯಿಡೀ ಇಸ್ಪೀಟಾಡದ ಮದುವೆಯನ್ನು ತಾನು ನೋಡೇ ಇಲ್ಲವೆಂದು ಅಮ್ಮ ಹೇಳಿದ ಮೇಲೆ ಧೈರ್ಯ ಬಂತು. ನೋಡುವವರು ಆರಿಸಿ ಸಹಿ ಹಾಕಿದ ಎಲೆಯನ್ನು ಕಟ್ಟಿನ ನಡುವೆ ಸೇರಿಸಿದರೆ ಅದು ಮತ್ತೆ ಮತ್ತೆ ಮೇಲಕ್ಕೇ ಬರುವ ಚಳಕವನ್ನು ಆರಿಸಿದೆ. ಮೂರು ಸಲ ನೋಡಿದರೆ ಯಾವ ಚಳಕದ ಗುಟ್ಟನ್ನಾದರೂ ಹೇಳಬಲ್ಲೆನೆಂದು ಸವಾಲು ಹಾಕಿದ್ದ ಪ್ರಸಿದ್ಧ ಜಾದೂಗಾರ ಹೂಡಿನಿಯನ್ನು 1922ರಲ್ಲಿ ಶಿಕಾಗೋದಲ್ಲಿ ಇನ್ನೊಬ್ಬ ಜಾದೂಗಾರ ಡಾಯ್ ವರ್ನನ್ ಸೋಲಿಸಿದ್ದು ಇದೇ ಬಗೆಯ ಚಳಕದಿಂದ. ನಾನು ಇದನ್ನು ಆರಿಸಿದ್ದು ಆ ಕೀರ್ತಿಗಾಗಿ ಅಲ್ಲ. ಸಾಲು ಮುಂದೆ ಸರಿಯುತ್ತಿರುತ್ತದೆ. ನಡುವೆ ಬಂದು ಸೇರಿದವರಿಗೂ, ನಡುವೆ ಬಿಟ್ಟು ಹೋಗಬೇಕಾದವರಿಗೂ ಇದು ಅರ್ಥವಾಗುತ್ತದೆ. ಎಲೆ ಒಮ್ಮೆ ಮೇಲೆ ಬಂದರೆ ಒಂದು ಬೆರಗು, ಐದು ಸಲ ಬಂದರೆ ಐದು. ವೇದಿಕೆಯಿಂದ ಕರೆ ಬಂದೊಡನೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮೈಸೂರಿನವನಾದ್ದರಿಂದ ಗಂಜೀಫಾ ಎಲೆಗಳನ್ನು ಬಳಸುವ ಆಸೆಯೂ ಒಮ್ಮೆ ಹುಟ್ಟಿತ್ತು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ದುಂಡು ಎಲೆಗಳಿರುತ್ತವೆ; ಚಿತ್ರಗಳಂತೂ ಕಣ್ಣು ತುಂಬುತ್ತವೆ. ಆದರೆ ಮೂಲೆಯಿಲ್ಲದ ದುಂಡು ಎಲೆಗೆ ಆಯತದ ಎಲೆಯ ಚಳಕಗಳು ಹತ್ತುವುದಿಲ್ಲ, ಚಿತ್ರಕಾರರು ಕೈಯಿಂದ ಬರೆದ ಎಲೆಯ ಮೇಲೆ ಸಹಿ ಹಾಕಿಸುವ ಮನಸ್ಸೂ ಬರುವುದಿಲ್ಲ.

ಮೂರನೆಯದು ಸ್ಪಂಜಿನ ಉಂಡೆಗಳು, ಮುಖ್ಯವಾಗಿ ಮಕ್ಕಳಿಗಾಗಿ. ಮಗುವಿನ ಮುಷ್ಟಿಯಲ್ಲಿ ಒಂದಿಟ್ಟರೆ ಎರಡಾಗುತ್ತದೆ, ಕೊನೆಗೆ ಮುಷ್ಟಿ ಬಿಚ್ಚಿದರೆ ಹಿಡಿತುಂಬ ಉಕ್ಕುತ್ತದೆ. ಮೆತ್ತಗಿರುವುದರಿಂದ ಬಿದ್ದರೂ ಪೆಟ್ಟಿಲ್ಲ. ಬೇಕರಿ ಕೆಲಸ ಮಾಡಿಕೊಂಡಿದ್ದ ಆಲ್ಬರ್ಟ್ ಗೋಷ್ಮನ್ ಎಂಬ ಅಮೆರಿಕದ ಜಾದೂಗಾರ ಇಂಥ ಉಂಡೆಗಳನ್ನು ತಯಾರಿಸಿ ಮಾರಿ ಹೆಸರಾದವರು. ನಾನು ಕೆಂಪು ಉಂಡೆಗಳನ್ನು ಬಿಟ್ಟು ಹಳದಿಯವನ್ನು ತಂದೆ. ಲಾಡುವೆಂದು ಮಕ್ಕಳಿಗೆ ಹೇಳಲು ಅನುಕೂಲ. ತೀರ ಚಿಕ್ಕ ಮಕ್ಕಳ ಕೈಗೆ ಕೊಡಲಿಲ್ಲ, ಬಾಯಿಗೆ ಹಾಕಿಕೊಂಡಾರೆಂಬ ಭಯದಿಂದ.

ಕವಚಿಟ್ಟ ಬಟ್ಟಲುಗಳ ಕೆಳಗೆ ಉಂಡೆಗಳು ಮಾಯವಾಗಿ ಮತ್ತೆ ಮೂಡುವ, ಬಟ್ಟಲು ಮತ್ತು ಚೆಂಡಿನ ಆಟವನ್ನು ಸೇರಿಸಲಾಗಲಿಲ್ಲವೆಂಬ ಕೊರಗು ಈಗಲೂ ಇದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ತತ್ತ್ವಜ್ಞಾನಿ ಸೆನೆಕ ತನ್ನ ಪತ್ರವೊಂದರಲ್ಲಿ ಉಲ್ಲೇಖಿಸಿದ ಆಟವದು. ನಮ್ಮ ನೆಲದಲ್ಲಿ ಗಾರುಡಿಗರು ಹಿಡಿಯುಳ್ಳ ಪುಟ್ಟ ಮರದ ಬಟ್ಟಲು, ಬಟ್ಟೆಯ ಉಂಡೆಗಳನ್ನು ಹಿಡಿದು ಬೀದಿಯಲ್ಲಿ ಕುಳಿತು ಆಡಿದ, ಕೇರಳದಲ್ಲಿ ಜಾದೂಗಾರ ವಾಳಕುನ್ನಂ ನಂಬೂದಿರಿಯವರು ಶಿಖರಕ್ಕೇರಿಸಿದ ಆಟವದು. ಅದಕ್ಕೆ ನೆಲದ ಮೇಲೆ ಕುಳಿತ ಆಟಗಾರ, ಸುತ್ತ ಕುಳಿತ ಜನ, ಅರ್ಧ ಗಂಟೆಯ ಬಿಡುವು ಬೇಕು. ನಿಂತು ಸರಿಯುವ ಸಾಲಿಗೆ ಅದು ಹೊಂದದು.

ನಾಲ್ಕನೆಯದು ವಧೂವರರಿಗೆ. ಅಮೆರಿಕದ ಜಾದೂಗಾರ ಡಾಕ್ ಈಸನ್ ಪ್ರಸಿದ್ಧಗೊಳಿಸಿದ ಒಂದು ಚಳಕದಲ್ಲಿ, ದಂಪತಿ ಬೇರೆ ಬೇರೆ ಎಲೆಗಳ ಮೇಲೆ ಸಹಿ ಹಾಕುತ್ತಾರೆ. ಅವರ ಕೈಯೊಳಗೇ ಆ ಎರಡು ಎಲೆಗಳು, ಒಂದು ಮುಖದಲ್ಲಿ ಅವಳ ಸಹಿ ಇನ್ನೊಂದು ಮುಖದಲ್ಲಿ ಅವನ ಸಹಿ ಇರುವ ಒಂದೇ ಎಲೆಯಾಗುತ್ತವೆ. ಎಲೆ ಹರಿಯುವುದಿಲ್ಲ, ಕಳೆಯುವುದಿಲ್ಲ, ಎರಡು ಸೇರುತ್ತವೆ. ಮದುವೆಗೆ ಇದಕ್ಕಿಂತ ಒಪ್ಪುವ ಚಳಕ ನನಗೆ ತಿಳಿದಿಲ್ಲ. ಆಟಿನ್ ರಾಣಿಯನ್ನು ಅವಳಿಗೂ ಆಟಿನ್ ರಾಜನನ್ನು ಅವನಿಗೂ ಕೊಡುವುದೆಂದು ನಿರ್ಧರಿಸಿದೆ. ಕಷ್ಟವಿದ್ದದ್ದು ಸಹಿಯಲ್ಲಿ. ಮೊಣಕೈವರೆಗೆ ಮೆಹೆಂದಿ, ಮಣಿಕಟ್ಟು ತುಂಬ ಬಳೆ, ಕೊರಳಲ್ಲಿ ಹಾರ, ಮೈಮೇಲೆ ಹೊಸ ರೇಷ್ಮೆ ಸೀರೆ. ಅವಳ ಕೈಗೆ ಅಳಿಸಲಾಗದ ಶಾಯಿಯ ಮಾರ್ಕರ್ ಕೊಡುವುದೆಂದರೆ ಎದೆ ನಡುಗುತ್ತದೆ. ಗಟ್ಟಿ ರಟ್ಟಿನ ಮೇಲೆ ಎಲೆಯನ್ನು ಸಿಕ್ಕಿಸಿ, ರಟ್ಟನ್ನು ನಾನೇ ಹಿಡಿದು, ಮುಚ್ಚಳವನ್ನು ಸಹಿಗೆ ಮೊದಲ ಕ್ಷಣ ತೆಗೆದು ಮುಗಿದ ಕ್ಷಣ ಹಾಕುವುದನ್ನು ಅಕ್ಕನ ಹಳೆಯ ಸೀರೆಯೊಂದನ್ನು ಹೊದಿಸಿ ಹತ್ತಾರು ಬಾರಿ ಅಭ್ಯಾಸ ಮಾಡಿದೆವು. ಸಾಲು ಮುಗಿದು, ಅವರಿಬ್ಬರು ಊಟಕ್ಕೆ ಇಳಿಯುವ ಮೊದಲು, ಛಾಯಾಗ್ರಾಹಕರಿಂದ ನಾಲ್ಕು ನಿಮಿಷ ಕೇಳಿಕೊಂಡಿದ್ದೆ.

ಆ ಸಂಜೆ ಏಳಕ್ಕೆ ಶುರುವಾದದ್ದು ಒಂಬತ್ತೂವರೆಗೆ ಮುಗಿಯಿತು. ಲೆಕ್ಕ ಹಾಕಿದ ಇಪ್ಪತ್ತನಾಲ್ಕು ಗುಂಪುಗಳಲ್ಲಿ ಹತ್ತೊಂಬತ್ತನ್ನು ತಲುಪಿದೆ. ಪರಿಚಯದವರ ಯೋಗಕ್ಷೇಮ ವಿಚಾರಿಸುವ ಸಮಯವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಹೆಣ್ಣಿನ ಸೋದರಮಾವನಾದವನು ಹಿಡಿಯಬೇಕಿತ್ತು. ಏಳನೆಯ ಗುಂಪಿನ ಎದುರು ಒಂದು ಬೆಳ್ಳಿ ರೂಪಾಯಿ ಬೆವರಿಗೆ ಜಾರಿ ನೆಲಕ್ಕೆ ಬಿತ್ತು. ಅದನ್ನು ಹೆಕ್ಕಿಕೊಟ್ಟ ಹುಡುಗ ಆಮೇಲೆ ಕೊನೆಯವರೆಗೂ ನನ್ನ ಜೊತೆಗೇ ಬಂದ. ನಾನು ಅವನ ಕೈಗೆ ಎಲೆಗಳ ಕಟ್ಟನ್ನು ಹಿಡಿಯಲು ಕೊಟ್ಟೆ. ಅವನಿಗೆ ಗುಟ್ಟು ಕಂಡಿತ್ತೆಂದು ನನಗೆ ಗೊತ್ತಿತ್ತು, ಅವನು ಯಾರಿಗೂ ಹೇಳಲಿಲ್ಲ. ಎಲೆಯ ಚಳಕಕ್ಕೆ ಗಂಡಸರ ಗುಂಪಿನಲ್ಲಿ ಹೆಚ್ಚು ಚಪ್ಪಾಳೆ ಬಂತು. ನಾಣ್ಯಕ್ಕೆ ಚಪ್ಪಾಳೆ ಕಡಿಮೆ. ಆದರೆ ಮುಷ್ಟಿ ಬಿಚ್ಚಿದ ಹೆಂಗಸರು ಪಕ್ಕದವರ ಕೈಯನ್ನು ಎಳೆದು, “ಇವರ ಕೈಯಲ್ಲೂ ಮಾಡಿ” ಎನ್ನುತ್ತಿದ್ದರು.

ವೇದಿಕೆಯ ಮೇಲೆ ಅಕ್ಕನ ಮಗಳು ಕನ್ನಡದಲ್ಲಿ ಸಹಿ ಹಾಕಿದಳು, ಮದುವೆಯ ಹುಡುಗ ಇಂಗ್ಲಿಷಿನಲ್ಲಿ. ಇಬ್ಬರ ಅಂಗೈಗಳ ನಡುವೆ ಇದ್ದ ಎಲೆಯನ್ನು ತಿರುಗಿಸಿ ನೋಡಿದಾಗ ಅವಳು ಏನೂ ಹೇಳದೆ ಅದನ್ನು ಮತ್ತೊಮ್ಮೆ ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು. ಮೇಲಿನ ಕ್ರೇನ್ ಕ್ಯಾಮೆರಾ ಅದನ್ನು ದೊಡ್ಡ ಪರದೆಗೆ ಹಾಕಿದ್ದರಿಂದ ಊಟದ ಮನೆಯಿಂದ ಕೈತೊಳೆದು ಬರುತ್ತಿದ್ದವರೂ ನಿಂತು ನೋಡಿದರು.

ಮುಂದಿನ ತಿಂಗಳು ಸಹೋದ್ಯೋಗಿಯೊಬ್ಬರ ಮಗನ ಆರತಕ್ಷತೆ ಊರ ಹೊರಗಿನ ಬಯಲು ಜಾಗದಲ್ಲಿದೆ. ಮೊನ್ನೆ ಸಂಜೆ ಹೋಗಿ ನೋಡಿಬಂದೆ. ಅಲ್ಲಿ ಗಾಳಿ ಬೀಸುತ್ತದೆ, ಇಸ್ಪೀಟು ಎಲೆಗಳು ನಿಲ್ಲವು. ಹುಲ್ಲಿನ ಮೇಲೆ ನಾಣ್ಯ ಬಿದ್ದರೆ ಸದ್ದಾಗದು. ದೀಪಗಳೆಲ್ಲ ಹಿಂದಿನಿಂದ ಬರುವುದರಿಂದ ಬೆರಳುಗಳ ಸಂದಿಯೂ ಕಾಣುತ್ತದೆ. ಸ್ಪಂಜಿನ ಉಂಡೆ ಮಾತ್ರ ನಡೆದೀತು. ಉಳಿದ ಮೂರಕ್ಕೆ ಪುಸ್ತಕವನ್ನು ಮತ್ತೆ ತೆರೆದು, ಅಳಿಸಿದ ಮೂವತ್ತಾರು ಹೆಸರುಗಳ ಮುಂದೆ ಪೆನ್ಸಿಲ್ ಹಿಡಿದು ಕುಳಿತಿದ್ದೇನೆ.